ಬಡ ತಂಡದ ಗೆಲವು

ಬಲಿಷ್ಠ ತಂಡವೊಂದು ಬಡ ತಂಡಕ್ಕೆ ಸೋತಾಗ ನಾವು ಅದನ್ನು ದೈವಯೋಗವೆಂದು ಕರೆದು ಸುಮ್ಮನಾಗುತ್ತೇವೆ. ಅದು ಅರ್ಧ ಸತ್ಯ. ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್ ತಂಡವು 1934ರಿಂದ 1938ರವರೆಗೆ ಐದು ವರ್ಷವೂ ಅಲ್ಲಿಯ ಲೀಗನ್ನು ಗೆದ್ದಿತು. ಅಂಥವರನ್ನು 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಅಂತಿಮ ಪಂದ್ಯದಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡದವರು ಒಂದೇ ಗೋಲಿನಿಂದ ಸೋಲಿಸಿದರು. ಬ್ರಿಟಿಷ್ ಸೈನಿಕ ತಂಡಗಳ ಸೊತ್ತಿನಂತಿದ್ದ ಆ ಪಾರಿತೋಷಕವು ಭಾರತೀಯರ ಕೈಸೇರಿದುದು ಅದೇ ಮೊದಲು.

ಲೀಗಿನಲ್ಲಿ ಒಂದು ಆಟದಲ್ಲಿ ಎಡವಿದವರು ಇನ್ನೊಂದರಲ್ಲಿ ಸರಿಪಡಿಸಿಕೊಳ್ಳಬಹುದು. ಸೋತವರು ಹೊರಬೀಳುವ ಪಂದ್ಯಾವಳಿಯಲ್ಲಿ ಆ ಅವಕಾಶವಿಲ್ಲ. ಜಮಖಂಡಿ ಸೀಮೆಯ ಹುನ್ನೂರಿನ ಕಡೆ ಕುಸ್ತಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆನ್ನು ಮಣ್ಣಿಗೆ ತಾಗಿತೋ, ಕುಸ್ತಿ ಮುಗಿಯಿತು. ಕಾಲ್ಚೆಂಡಾಟದಲ್ಲಿ ಗೋಲುಗಳೂ ವಿರಳ. ಕ್ರಿಕೆಟ್ಟಿನ ನೂರಾರು ಓಟಗಳಲ್ಲಿ ಒಂದು ಓಟವು ಅಡಗಿಹೋಗುತ್ತದೆ. ಇಲ್ಲಿ ಒಂದು ಗೋಲೇ ತೀರ್ಪು. ಆದುದರಿಂದ ಬಡ ತಂಡವು ತನ್ನ ಗೋಲನ್ನು ಬಿಗಿಯಾಗಿ ಕಾದು, ಆಟವನ್ನು ಕೊನೆಯ ನಿಮಿಷಗಳವರೆಗೂ ಸಮವಾಗಿರಿಸಬಲ್ಲುದಾದರೆ, ದೈವವು ಒಮ್ಮೆ ಒಲಿದರೆ ಸಾಕು. ಹಾಗೆ ಕಾಯುವುದು ಮಾತ್ರ ದೈವದ ಕೆಲಸವಲ್ಲ. ಅದಕ್ಕೆ ಹನ್ನೊಂದು ಮಂದಿಯ ಅಭ್ಯಾಸವೂ ತಾಳ್ಮೆಯೂ ಬೇಕು.

ಬೆಂಗಳೂರಿನವರು 1938ರಲ್ಲಿ ಅದೇ ಪಾರಿತೋಷಕವನ್ನು ಮತ್ತೆ ಗೆದ್ದರು. ಎಲ್ಲವೂ ಅದೃಷ್ಟವೆನ್ನುವವರು ಈ ಎರಡನೆಯ ವರ್ಷಕ್ಕೆ ಏನೆನ್ನುವರೋ!