ಯಾರದೋ ಹೊಲ, ಯಾರದೋ ಮಡಿಲು

ಕೋಲಾರ ದಾಟಿ ಮುಳಬಾಗಿಲಿನ ಕಡೆಗೆ ಓಡುವ ತಿರುಪತಿ ಬಸ್ಸುಗಳಿಗೂ ಚೆನ್ನೈ ಲಾರಿಗಳಿಗೂ ದೇವರಾಯಸಮುದ್ರವೆಂದರೆ ಕಿಟಕಿಯಾಚೆ ಸರಿದುಹೋಗುವ ಒಂದು ಬಂಡೆಬೆಟ್ಟ. ಹೆದ್ದಾರಿ ಬಿಟ್ಟು ಹೊಲಗಳ ಕಡೆ ಇಳಿದವರಿಗಷ್ಟೇ ಊರು ಕಾಣುತ್ತದೆ. ಶ್ರಾವಣದ ಸೋನೆ ಎರಡು ದಿನ ಹಿಡಿದು ಬಿಟ್ಟ ಬೆಳಗ್ಗೆ ಇಳಿದರೆ ಇನ್ನೂ ಒಳ್ಳೆಯದು. ಕೆಮ್ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆ ಭಾರವಾಗುತ್ತದೆ. ಗೇಣುದ್ದದ ರಾಗಿ ಪೈರಿನ ತುದಿಯಲ್ಲಿ ನೀರು ಇನ್ನೂ ಆರಿರುವುದಿಲ್ಲ. ಸಾಲಿನ ನಡುವೆ, ಬದುವಿನ ಮೇಲೆ, ಕಲ್ಲಿನ ಸಂದಿಯಲ್ಲಿ, ಯಾರೂ ಬಿತ್ತದ ಹಸಿರು ಪೈರಿಗಿಂತ ಚುರುಕಾಗಿ ಮೇಲೆದ್ದಿರುತ್ತದೆ.

ಇಂಥ ಬೆಳಗ್ಗೆ ಹೊಲಕ್ಕೆ ಬರುವ ಹೆಂಗಸರೆಲ್ಲ ಕೂಲಿಗೆ ಬಂದವರಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಡಿಲು ಮಾಡಿಕೊಂಡು ಮೂವರೋ ನಾಲ್ವರೋ ಬದುವಿನಿಂದ ಒಳಗೆ ಇಳಿಯುತ್ತಾರೆ. ಬಗ್ಗಿದ ಬೆನ್ನು ಮೇಲೇಳುವುದಿಲ್ಲ. ಕನ್ನಡದಲ್ಲಿ ಶುರುವಾದ ಮಾತು ನಡುವೆಲ್ಲೋ ತೆಲುಗಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುತ್ತದೆ. ಕೈ ಮಾತ್ರ ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಹೆಬ್ಬೆರಳಿನ ಉಗುರನ್ನು ತೋರುಬೆರಳಿಗೆ ಒತ್ತಿ ಅಣ್ಣೆ ಸೊಪ್ಪಿನ ಕುಡಿಯನ್ನಷ್ಟೇ ಚಿವುಟುತ್ತಾರೆ, ಬೇರು ಕೀಳುವುದಿಲ್ಲ. ಚಿವುಟಿದ ಕಡೆ ಎರಡು ಕವಲೊಡೆದು ಮುಂದಿನ ವಾರಕ್ಕೆ ಮತ್ತೆ ಕುಡಿ ಬರುತ್ತದೆ. ಆ ಉಗುರಿನ ಸಂದಿನ ಹಸಿರು ಕರೆ ಮಳೆಗಾಲ ಮುಗಿಯುವವರೆಗೂ ಹೋಗುವುದಿಲ್ಲ.

ಇದು ಬೆರಕೆ ಸೊಪ್ಪು. ಕೋಲಾರ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಅಣ್ಣೆ ಸಪ್ಪೆ, ಆದರೆ ಧಾರಾಳವಾಗಿ ಸಿಗುತ್ತದೆ. ಮಡಿಲು ತುಂಬುವುದೇ ಅದರಿಂದ. ನೀಲಿ ಹೂವಿನ ಕನ್ನೆಗೆ ಒಂದಿಷ್ಟು ಲೋಳೆ. ನೆಲಕ್ಕಂಟಿ ಹರಡುವ ಗೋಣಿ ಸೊಪ್ಪಿಗೆ ಹುಳಿ. ಗಣಿಕೆಗೆ ಕಹಿ, ಅದರ ಕಪ್ಪು ಹಣ್ಣು ಜೊತೆಗೆ ಬಂದ ಮಕ್ಕಳ ಪಾಲು. ಬದುವಿನ ತಗಚೆ ಎಳೆಯದಾಗಿದ್ದರೆ ಮಾತ್ರ. ಕೆರೆ ಕೆಳಗಿನ ತೇವದಲ್ಲಿ ಹೊನಗೊನ್ನೆ. ಮನೆಗೆ ಹೋಗುವಾಗ ತಿಪ್ಪೆ ಪಕ್ಕದ ಕುಂಬಳದ ಬಳ್ಳಿಯಿಂದ ನಾಲ್ಕು ಕುಡಿ. ಕಹಿ ಎಷ್ಟು, ಹುಳಿ ಎಷ್ಟು ಎಂಬ ಲೆಕ್ಕ ಯಾವ ಅಡುಗೆ ಪುಸ್ತಕದಲ್ಲೂ ಇಲ್ಲ. ಅತ್ತೆಯ ಕೈ ನೋಡಿ ಸೊಸೆ ಕಲಿಯುತ್ತಾಳೆ, ಇಲ್ಲದಿದ್ದರೆ ಅಷ್ಟಕ್ಕೇ ನಿಂತುಹೋಗುತ್ತದೆ.

ನನಗೆ ಸೊಪ್ಪಿಗಿಂತ ಹೆಚ್ಚಾಗಿ ಹಿಡಿಸಿದ್ದು ಹೊಲದ ಯಜಮಾನನ ನಡವಳಿಕೆ. ಬದುವಿನ ಮೇಲೆ ಎದುರಾದರೆ, “ಅಣ್ಣಾ, ಒಂದಿಷ್ಟು ಸೊಪ್ಪು ಕುಯ್ಕೊಂಡೋಗ್ತೀವಿ” ಎನ್ನುತ್ತಾರೆ. ಅದು ಅನುಮತಿ ಕೇಳುವ ದನಿಯಲ್ಲ, ತಿಳಿಸುವ ದನಿ. “ಕುಯ್ಕೊಳ್ರಮ್ಮ, ಪೈರು ತುಳೀಬೇಡ್ರಿ” ಎಂದು ಅವನು ಮುಂದೆ ಹೋಗುತ್ತಾನೆ. ಪಹಣಿ ಅವನ ಹೆಸರಿನಲ್ಲಿದೆ, ರಾಗಿ ಅವನದು, ಹುಲ್ಲೂ ಅವನದೇ. ಬಿತ್ತದೆ ಬಂದ ಸೊಪ್ಪು ಮಾತ್ರ ಬಗ್ಗಿ ಕಿತ್ತವರದು. ಒಂದು ಗುಂಟೆ ನೆಲವಿಲ್ಲದ ಮನೆಗೂ ಮಳೆಗಾಲವಿಡೀ ಸಾರಿಗೆ ಕೊರತೆ ಬರದಂತೆ ನೋಡಿಕೊಂಡದ್ದು ಈ ಬರೆಯದ ಕಾನೂನು. ಸ್ಥಳೀಯ ಆಹಾರ, ಸಮುದಾಯದ ಪಾಲ್ಗೊಳ್ಳುವಿಕೆ ಎಂದು ನಗರದ ಸಭೆಗಳಲ್ಲಿ ಏನನ್ನು ಹುಡುಕುತ್ತಾರೋ ಅದು ಇಲ್ಲಿ ಹೆಸರಿಲ್ಲದೆ ನಡೆದುಕೊಂಡು ಬಂದಿದೆ.

ನಡೆದುಕೊಂಡು ಬಂದದ್ದಕ್ಕೆ ಅಕ್ಕಡಿ ಸಾಲಿನ ಬೇಸಾಯವೂ ಕಾರಣ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಇಲ್ಲವೇ ಒಂದು ಸಾಲು ಅವರೆ. ಅಂಚಿಗೆ ಹುಚ್ಚೆಳ್ಳು, ಜೋಳ, ನಾಲ್ಕು ಹರಳು ಗಿಡ. ನಿತ್ಯ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆಯಲ್ಲಿ ಮಳೆ ಒಂದಕ್ಕೆ ಕೈಕೊಟ್ಟರೂ ಇನ್ನೊಂದಕ್ಕೆ ದಕ್ಕಲಿ ಎಂಬ ಲೆಕ್ಕಾಚಾರ ಅದು. ಇಂಥ ಹೊಲದಲ್ಲಿ ಕಳೆ ತೆಗೆಯುವುದು ಕುಂಟೆ ಮತ್ತು ಕೈ. ಕೈಗೆ ಯಾವುದು ಕಳೆ, ಯಾವುದು ಸಾರು ಎಂಬುದು ಗೊತ್ತಿರುತ್ತದೆ.

2,4-ಡಿ ಎಂಬ ಕಳೆನಾಶಕಕ್ಕೆ ಅದು ಗೊತ್ತಿಲ್ಲ. ರಾಗಿ ಹುಲ್ಲಿನ ಜಾತಿ. ಈ ಔಷಧಿ ಹುಲ್ಲನ್ನು ಉಳಿಸಿ ಅಗಲ ಎಲೆಯದನ್ನು ಒಣಗಿಸುತ್ತದೆ. ಅಣ್ಣೆ, ಗಣಿಕೆ, ಗೋಣಿ ಎಲ್ಲವೂ ಅಗಲ ಎಲೆಯವೇ. ಅವರೆ, ತೊಗರಿಯೂ ಅಗಲ ಎಲೆಯವೇ. ಹಾಗಾಗಿ ಔಷಧಿ ಹೊಡೆಯುವವನು ಮೊದಲು ಅಕ್ಕಡಿ ಸಾಲು ಬಿಡಬೇಕು, ಸೊಪ್ಪು ಅದರ ಹಿಂದೆಯೇ ಹೋಗುತ್ತದೆ. ಅವನನ್ನು ಬೈಯುವುದು ಸುಲಭ. ಕಳೆಗೆ ಆಳು ಸಿಗದ ಆಷಾಢದಲ್ಲಿ, ಸಿಕ್ಕರೂ ಕೂಲಿ ಕೊಟ್ಟು ಗಿಟ್ಟದ ರಾಗಿ ಬೆಲೆಯಲ್ಲಿ, ಬೆನ್ನಿಗೆ ಕಟ್ಟಿಕೊಂಡ ಒಂದು ಕ್ಯಾನು ಅರ್ಧ ದಿನದಲ್ಲಿ ಮುಗಿಸುವ ಕೆಲಸವನ್ನು ಯಾರು ಬೇಡವೆಂದಾರು? ಸೊಪ್ಪಿಗೆ ಬರುವವರ ಮಾತಿಗೆ ಮಾತ್ರ ಇದರಿಂದ ಒಂದು ಹೊಸ ಪ್ರಶ್ನೆ ಸೇರಿದೆ: “ಏನಾದ್ರೂ ಹೊಡ್ದಿದ್ದೀಯೇನಣ್ಣಾ?”

ಟೊಮೆಟೊ ಹೊಲದಲ್ಲಿ ಆ ಪ್ರಶ್ನೆಯೂ ಇಲ್ಲ. ನೀಲಗಿರಿ ಗೂಟ, ದಾರ, ಹನಿ ನೀರಾವರಿ ಪೈಪು, ನೆಲಕ್ಕೆ ಹೊದಿಸಿದ ಪ್ಲಾಸ್ಟಿಕ್ ಹಾಳೆ. ಅದರಡಿಯಲ್ಲಿ ಅಣ್ಣೆ ಹುಟ್ಟುವುದಿಲ್ಲ. ತಾಲ್ಲೂಕಿನ ಎನ್. ವಡ್ಡಹಳ್ಳಿ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸುಗಳಾಗಿ ಜೋಡಿಸಿದ ಹಣ್ಣು ಊರೂರಿಗೆ ಲಾರಿ ಹತ್ತುತ್ತದೆ. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸಿಗೆ 2,000 ರೂಪಾಯಿ ದಾಟಿದ್ದನ್ನು ದೇಶವೇ ನೋಡಿತು. ಅದೇ ಹಣ್ಣು ಕೇಳುವವರಿಲ್ಲದೆ ರಸ್ತೆ ಬದಿಗೆ ಸುರಿದು ಬೀಳುವುದನ್ನು ನೋಡುವವರು ಈ ಊರಿನವರು ಮಾತ್ರ.

ಮಧ್ಯಾಹ್ನದ ಹೊತ್ತಿಗೆ ಮಡಿಲು ಮೊರಕ್ಕೆ ಸುರಿದಿರುತ್ತದೆ. ಕಡ್ಡಿ, ಹುಳ ನೋಡಿ ಆರಿಸಿ, ಮೂರು ನೀರಿನಲ್ಲಿ ಮಣ್ಣು ಕಳೆದು, ಬೇಳೆಯೋ ಅಲಸಂದೆ ಕಾಳೋ ಬೆಂದ ಪಾತ್ರೆಗೆ ಸೊಪ್ಪು ಇಳಿಯುತ್ತದೆ. ಬೆಟ್ಟದಷ್ಟಿದ್ದದ್ದು ಹಿಡಿಯಷ್ಟಾಗುತ್ತದೆ. ಬಸಿದ ಕಟ್ಟಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಒಂದಿಷ್ಟು ಬೆಂದ ಸೊಪ್ಪನ್ನೇ ಸೇರಿಸಿ ರುಬ್ಬಿ ಹಾಕಿದರೆ ಬಸ್ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಬಿದ್ದರೆ ಪಲ್ಯ. ಬಸಿಯದೆ ಮಸೆದರೆ ಮಸ್ಸೊಪ್ಪು. ಯಾವುದಾದರೂ ಸರಿ, ಮುದ್ದೆ ಬಿಸಿಯಾಗಿರಬೇಕು. ಕೊಳ್ಳಬೇಕಾದದ್ದು ಉಪ್ಪು, ಒಗ್ಗರಣೆಯ ಎಣ್ಣೆ, ಮತ್ತೆ ಒಂದೆರಡು ಸಾಮಾನು.

ತೆಲಂಗಾಣದ ಜಹೀರಾಬಾದ್ ಸುತ್ತಿನ ಹಳ್ಳಿಗಳಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಹೆಂಗಸರು ಇಂಥ ಬಿತ್ತದ ಸೊಪ್ಪುಗಳನ್ನು ಬೆಳೆಯಷ್ಟೇ ಗೌರವದಿಂದ ಗುರುತಿಸಿಟ್ಟಿದ್ದಾರೆ. ಬೆಂಗಳೂರಿನ ಅಂಚಿನ ಸರ್ಜಾಪುರದಲ್ಲಿ ಕಲಾವಿದ ಸುರೇಶ್ ಕುಮಾರ್ ಜಿ. ‘ಸರ್ಜಾಪುರ ಕರೀಸ್’ ಎಂಬ ಹೆಸರಿನಲ್ಲಿ ಸೊಪ್ಪು, ಬೇಸಾಯಗಳ ತಿಳಿವಳಿಕೆಯನ್ನೇ ತಮ್ಮ ಕಲೆಯ ಸಾಮಗ್ರಿ ಮಾಡಿಕೊಂಡರು. ಒಳ್ಳೆಯ ಕೆಲಸಗಳೇ. ಆದರೆ ಸೊಪ್ಪಿನ ಹೆಸರು ಉಳಿದು ಹೊಲಕ್ಕೆ ಇಳಿಯುವ ದಾರಿ ಮುಚ್ಚಿದರೆ ನೆಲವಿಲ್ಲದವಳಿಗೆ ಸಿಕ್ಕಿದ್ದೇನು ಎಂಬ ಅನುಮಾನ ನನಗಿದೆ. ತಂತಿಬೇಲಿ ಹಾಕಿದ ಲೇಔಟಿನಲ್ಲಿ ಅಣ್ಣೆ ಸೊಂಪಾಗಿಯೇ ಬೆಳೆಯುತ್ತದೆ. “ಅಣ್ಣಾ” ಎಂದು ಕರೆಯಲು ಅಲ್ಲಿ ಯಾರೂ ಇರುವುದಿಲ್ಲ.

ದಸರೆ ಕಳೆಯುವಷ್ಟರಲ್ಲಿ ಅಣ್ಣೆ ಬಲಿತು ಬಿಳಿ ಗುಲಾಬಿ ತೆನೆ ಬಿಡುತ್ತದೆ, ನಾರಾಗುತ್ತದೆ, ತಿನ್ನಲು ಬಾರದು. ರಾಗಿ ಕೊಯ್ದು ಮೆದೆ ಹಾಕಿದ ಮೇಲೆ ಹೊಲದಲ್ಲಿ ಉಳಿಯುವುದು ಅಕ್ಕಡಿ ಸಾಲಿನ ಅವರೆ. ಇಬ್ಬನಿ ಬಿದ್ದಷ್ಟೂ ಸೊಗಡು ಏರುತ್ತದೆ, ಊರಿನ ಮೂಗೆಲ್ಲ ಅತ್ತಲೇ. ಆಗ ಅದೇ ಯಜಮಾನನ ನಡೆ ಬೇರೆ. ಸಂಜೆ ಬದುವಿನ ಮೇಲೆ ಒಂದು ಸುತ್ತು, ಕತ್ತಲಾದ ಮೇಲೆ ಟಾರ್ಚು ಹಿಡಿದು ಇನ್ನೊಂದು ಸುತ್ತು. ಶ್ರಾವಣದಲ್ಲಿ ಮಡಿಲು ತುಂಬಿಸಿಕೊಂಡು ಹೋದವಳೇ ಈಗ ಅವರೆ ಸಾಲಿಗೆ ಕೈ ಹಾಕಿದರೆ ಅವಳ ತವರಿನವರೆಗೂ ಬೈಗುಳ ಮುಟ್ಟುತ್ತದೆ. ಬಿತ್ತಿದ್ದು ಯಾರು ಎಂಬುದರಲ್ಲಿ ಇಬ್ಬರಿಗೂ ಗೊಂದಲವಿಲ್ಲ. ಅವಳು ಸೇರಿನ ಲೆಕ್ಕದಲ್ಲಿ ದುಡ್ಡು ಕೊಟ್ಟೇ ಕಾಯಿ ಕೊಳ್ಳುತ್ತಾಳೆ, ಒಂದು ಹಿಡಿ ಹೆಚ್ಚಿಗೆ ಹಾಕೆಂದು ಜಗಳವಾಡುತ್ತಾಳೆ; ಅವನು ಗೊಣಗಿಕೊಂಡು ಹಾಕುತ್ತಾನೆ.