ಸಂಜೆ ರೂಮಿಗೆ ಮರಳುವ ಗಾಡಿ

ಬಿ.ಎ. ಮುಗಿಸಿ ಹೊಳೆಆಲೂರಿನಲ್ಲಿ ರೈಲು ಹತ್ತಿದಾಗ ನನ್ನ ಚೀಲದಲ್ಲಿ ಎರಡು ಜತೆ ಬಟ್ಟೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು, ಲಘು ವಾಹನದ ಲೈಸೆನ್ಸ್ ಇದ್ದವು. ‘ಇಷ್ಟ ಓದಿ ಗಾಡಿ ಹೊಡ್ಯಾಕ ಹೊಂಟೀಯೇನೋ?’ ಎಂದಿದ್ದಳು ಅವ್ವ. ಹುಬ್ಬಳ್ಳಿಯಲ್ಲಿ ಓದಬೇಕೆಂದರೆ ರೂಮಿನ ಬಾಡಿಗೆ, ಕೋಚಿಂಗ್ ಫೀಸು ನಾನೇ ದುಡಿಯಬೇಕಿತ್ತು. ಊರಲ್ಲಿ ಮಂದಿಯ ಟ್ರ್ಯಾಕ್ಟರ್ ಹೊಡೆದು, ಉಳ್ಳಾಗಡ್ಡಿ ಹೇರಿದ್ದು ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ.

ಮೊದಲ ವಾರ ಅರ್ಜಿ ಹಿಡಿದು ಟ್ರಾನ್ಸ್‌ಪೋರ್ಟ್ ಆಫೀಸುಗಳಿಗೆ ಅಲೆದೆ. ಅರ್ಜಿಯನ್ನು ಯಾರೂ ಓದಲಿಲ್ಲ. ‘ಇಲ್ಲಿ ನಿನಗ ಯಾರ ಗುರ್ತ ಅದಾರ?’ ಎಂದಷ್ಟೇ ಕೇಳಿದರು. ಒಬ್ಬ ಮಾಲೀಕರು ಮಾತ್ರ ಅಂದೇ ಕೀಲಿ ಕೊಟ್ಟರು. ಜಾಮೀನಿಗೆಂದು ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡರು. ಖುಷಿಯಲ್ಲಿ ಸಂಬಳವನ್ನೂ ಕೇಳಲಿಲ್ಲ. ‘ಲೋಕಲ್’ ಎಂದಿದ್ದ ಕೆಲಸ ಮೂರನೇ ದಿನಕ್ಕೆ ಬೆಳಗಾವಿ, ನಾಲ್ಕನೇ ದಿನಕ್ಕೆ ಕೊಲ್ಹಾಪುರವಾಯಿತು. ಹನ್ನೆರಡು ದಿನ ಪುಸ್ತಕ ತೆರೆಯಲಿಲ್ಲ. ಕೆಲಸ ಬಿಟ್ಟಾಗ ಮಾರ್ಕ್ಸ್ ಕಾರ್ಡಿಗಾಗಿ ನಾಲ್ಕು ಸಲ ತಿರುಗಿದೆ. ದುಡಿದ ಹಣ ಬರಲೇ ಇಲ್ಲ.

ಆಮೇಲೆ ಅಮರಗೋಳದ ಎಪಿಎಂಸಿ ಯಾರ್ಡಿಗೆ ಹೋಗಿ, ಗಾಡಿಗಳು ಸಾಲು ಹಚ್ಚುವ ಹೊತ್ತಿಗೆ ಚಹಾದಂಗಡಿ ಮುಂದೆ ನಿಲ್ಲತೊಡಗಿದೆ. ಹಿರಿಯ ಡ್ರೈವರೊಬ್ಬರು ಕೇಳಿದರು: ‘ಯಾವೂರ ತಮ್ಮಾ?’

‘ಹೊಳಿಆಲೂರ್ರಿ, ಅಣ್ಣಾರ.’

‘ಹಗ್ಗ ಜಗ್ಗಿ ಕಟ್ಟಾಕ ಬರತೈತಿ?’

ಬರುತ್ತಿತ್ತು. ಎಂಟು ದಿನ ಅವರ ಜತೆ ತಾಡಪತ್ರಿ ಹೊದಿಸಿದೆ, ಚೀಲ ಎಣಿಸಿದೆ, ಹಿಂದೆ ನಿಂತು ರಿವರ್ಸ್ ತೋರಿಸಿದೆ. ಒಂಬತ್ತನೇ ದಿನ ಅವರೇ ದಲಾಲಿ ಅಂಗಡಿಯ ಸಾವ್ಕಾರರಿಗೆ ಹೇಳಿದರು: ‘ಹುಡುಗ ಚಲೋ ಅದಾನ್ರಿ, ಪಿಕಪ್ ಕೊಟ್ಟ ನೋಡ್ರಿ.’ ಹೊಸ ಊರಿನಲ್ಲಿ ನನಗೆ ಸಿಕ್ಕ ಮೊದಲ ಗುರುತು ಅದು.

ಈ ಸಲ ಕೇಳಿಯೇ ಹತ್ತಿದೆ. ಸಂಬಳ ದಿನಕ್ಕೋ, ತಿಂಗಳಿಗೋ? ಬತ್ತಾ ಎಷ್ಟು? ಮಾಲು ಕಡಿಮೆ ಬಂದರೆ, ದಂಡ ಬಿದ್ದರೆ ಯಾರ ಹೊಣೆ? ಇನ್ಶೂರೆನ್ಸ್, ಎಫ್‌ಸಿ ಚಾಲ್ತಿಯಲ್ಲಿವೆಯೇ? ಸಂಜೆ ಎಷ್ಟಕ್ಕೆ ಬಿಡುಗಡೆ? ಸಾವ್ಕಾರರು ಸಿಟ್ಟಾಗಲಿಲ್ಲ. ಒಂದೊಂದಕ್ಕೂ ಉತ್ತರ ಕೊಟ್ಟರು.

ನನ್ನಂತೆ ಕೆಲಸ ಹುಡುಕುವವರು ಇನ್ನಷ್ಟು ತಿಳಿದಿರಬೇಕು. ಲೈಸೆನ್ಸ್ ದೇಶದಾದ್ಯಂತ ನಡೆಯುತ್ತದೆ, ಊರು ಬದಲಾದರೆ ಹೊಸದು ಬೇಡ. ಸರಕು ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಸರಕೂ ಸೇರಿ ಒಟ್ಟು ತೂಕದ ಮಿತಿ 7,500 ಕೆ.ಜಿ.ಯೊಳಗಿದ್ದರೆ ಲಘು ವಾಹನದ ಲೈಸೆನ್ಸೇ ಸಾಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಅಪಾಯಕಾರಿ ಸರಕಿಗೆ ಮಾತ್ರ ಪ್ರತ್ಯೇಕ ತರಬೇತಿ ಬೇಕು. ದೊಡ್ಡ ಲಾರಿಯ ಲೈಸೆನ್ಸ್ ಬೇಕಿದ್ದರೆ ಲಘು ವಾಹನದ ಲೈಸೆನ್ಸ್ ಪಡೆದು ವರ್ಷವಾದರೂ ಆಗಿರಬೇಕು. ಮಾರ್ಕ್ಸ್ ಕಾರ್ಡ್ ಮಾತ್ರ ಯಾರಿಗೂ ಕೊಡಬೇಡಿ, ಜೆರಾಕ್ಸ್ ಕೊಡಿ.

ಈಗ ಹುಬ್ಬಳ್ಳಿ-ಧಾರವಾಡದ ಅಂಗಡಿಗಳಿಗೆ ಮಾಲು ಇಳಿಸಿ ಏಳಕ್ಕೆ ರೂಮು ಸೇರುತ್ತೇನೆ, ಹನ್ನೊಂದರವರೆಗೆ ಓದುತ್ತೇನೆ. ಪರೀಕ್ಷೆ ಇನ್ನೂ ಪಾಸಾಗಿಲ್ಲ. ಆದರೆ ಅವ್ವ ಫೋನಿನಲ್ಲಿ ‘ಉಂಡಿ ಏನೋ?’ ಎಂದ ಮೇಲೆ ಈಗೀಗ ಇನ್ನೊಂದು ಮಾತು ಕೇಳುತ್ತಾಳೆ: ‘ಇವತ್ತ ಎಷ್ಟ ಟ್ರಿಪ್ ಆದುವು?’