ಮಾತು ನಿಂತರೂ ಅರಿವು ನಿಲ್ಲದು

ಮನೆಯ ಹಿರಿಯರೊಬ್ಬರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತರೆ, ಅವರಿಗೆ ಇನ್ನು ಏನೂ ತಿಳಿಯದೆಂದು ನಾವು ಬಹುಬೇಗ ನಿರ್ಧರಿಸಿಬಿಡುತ್ತೇವೆ. ಅವರೆದುರಿನಲ್ಲಿಯೇ ಔಷಧದ ಖರ್ಚನ್ನೂ ಆಸ್ತಿಯ ಪಾಲನ್ನೂ ಚರ್ಚಿಸುತ್ತೇವೆ. ಇದು ಎಂತಹ ತಪ್ಪೆಂಬುದನ್ನು ಮಿದುಳಿನ ರಚನೆಯೇ ನಮಗೆ ತಿಳಿಸಿಕೊಡುತ್ತದೆ.

ಸುಮಾರು 1.4 ಕಿಲೋಗ್ರಾಂ ತೂಗುವ ಮಿದುಳಿನ ಎಲ್ಲ ಭಾಗಗಳೂ ಒಂದೇ ಕೆಲಸವನ್ನು ಮಾಡುವುದಿಲ್ಲ. ಹಿಂಭಾಗವು ಕಣ್ಣು ಕಂಡದ್ದನ್ನು ಗ್ರಹಿಸುತ್ತದೆ. ಅನುಮಸ್ತಿಷ್ಕವು ದೇಹದ ಸಮತೋಲವನ್ನು ಕಾಯುತ್ತದೆ. ಮಿದುಳಿನ ಕಾಂಡವು ಉಸಿರಾಟ, ಹೃದಯಬಡಿತಗಳನ್ನು ನಿಯಂತ್ರಿಸುತ್ತದೆ. ಎಡ ಅರ್ಧವು ಬಲಗೈ, ಬಲಗಾಲುಗಳನ್ನು ನಡೆಸುತ್ತದೆ. ಮಾತಿನ ನೆಲೆಯೂ ಬಹುತೇಕರಲ್ಲಿ ಎಡಭಾಗದಲ್ಲಿಯೇ ಇದೆ. ಆದುದರಿಂದಲೇ ಬಲಗೈ ಸೋತವರಲ್ಲಿ ಮಾತೂ ಸೋಲುವುದು ಹೆಚ್ಚು.

ಪ್ಯಾರಿಸ್ ಸಮೀಪದ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿಯಿದ್ದನು. ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದುದು 'ತಾನ್ ತಾನ್' ಎಂಬ ದನಿಯೊಂದೇ. ಆದರೆ ಇತರರು ಆಡಿದ್ದರಲ್ಲಿ ಬಹುಪಾಲು ಅವನಿಗೆ ತಿಳಿಯುತ್ತಿತ್ತು, ಕೈಸನ್ನೆಯಿಂದ ಉತ್ತರಿಸುತ್ತಿದ್ದನು. 1861ರಲ್ಲಿ ಅವನು ತೀರಿಕೊಂಡಾಗ ವೈದ್ಯ ಪಾಲ್ ಬ್ರೋಕಾ ಅವನ ಮಿದುಳನ್ನು ಪರೀಕ್ಷಿಸಿ, ಎಡ ಮುಂಭಾಗದಲ್ಲಿ ಹಾನಿಯಾಗಿದ್ದುದನ್ನು ಕಂಡರು. 1874ರಲ್ಲಿ ಕಾರ್ಲ್ ವೆರ್ನಿಕೆ ಇದಕ್ಕೆ ವಿರುದ್ಧವಾದ ಸ್ಥಿತಿಯನ್ನು ವಿವರಿಸಿದರು. ಕಿವಿಯ ಮೇಲ್ಗಡೆಯ ಭಾಗ ಕೆಟ್ಟರೆ ಮಾತು ಸರಾಗವಾಗಿ ಹರಿಯುತ್ತದೆ, ಆದರೆ ಅದರಲ್ಲಿ ಅರ್ಥವಿರುವುದಿಲ್ಲ. ಪರರ ನುಡಿಯೂ ಸರಿಯಾಗಿ ತಿಳಿಯುವುದಿಲ್ಲ. ಆಡುವ ಶಕ್ತಿ ಬೇರೆ, ಅರಿಯುವ ಶಕ್ತಿ ಬೇರೆ ಎಂಬುದು ಹೀಗೆ ಸ್ಪಷ್ಟವಾಯಿತು.

ಆದಕಾರಣ ಮಾತು ಕಳೆದುಕೊಂಡವರೊಡನೆ ನಾವು ಮಾತು ಬಿಡಬಾರದು. ಎದುರು ಕುಳಿತು, ಚಿಕ್ಕ ವಾಕ್ಯಗಳಲ್ಲಿ, ನಿಧಾನವಾಗಿ ನುಡಿಯೋಣ. ಹೌದು, ಅಲ್ಲ ಎಂದು ತಲೆಯಾಡಿಸಿ ಹೇಳಬಹುದಾದ ಪ್ರಶ್ನೆಗಳನ್ನು ಕೇಳೋಣ. ಉತ್ತರಕ್ಕೆ ಕಾಯೋಣ. ವಾಕ್ ಚಿಕಿತ್ಸೆಯಿಂದ ಅನೇಕರಲ್ಲಿ ಮಾತು ಎಷ್ಟೋ ಮಟ್ಟಿಗೆ ಮರಳುತ್ತದೆ.

ಇನ್ನೊಂದು ಎಚ್ಚರಿಕೆ. ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಎತ್ತಿದ ಕೈ ಕೆಳಗೆ ಬಿದ್ದರೆ, ನಾಲಗೆ ತೊದಲಿದರೆ, ಆ ಗಳಿಗೆಯನ್ನು ಗುರುತಿಟ್ಟುಕೊಂಡು ಕೂಡಲೇ 108ಕ್ಕೆ ಕರೆ ಮಾಡಬೇಕು. ಬಾಯಿಗೆ ನೀರನ್ನಾಗಲಿ ಔಷಧವನ್ನಾಗಲಿ ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿಯಬಹುದು. ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಅದಕ್ಕೆ ಮೊದಲು ಸ್ಕ್ಯಾನ್ ಆಗಬೇಕು. ನಾಟಿ ಮದ್ದು, ಎಣ್ಣೆ ತಿಕ್ಕುವುದು ಎಂದು ಕಳೆದ ಒಂದೊಂದು ಗಳಿಗೆಯೂ ಮಿದುಳಿಗೆ ನಷ್ಟವೇ.

ಮಾತು ಬಾರದ ಹಿರಿಯರ ಕಣ್ಣುಗಳನ್ನು ಒಮ್ಮೆ ನೋಡೋಣ. ಅವರು ನಮ್ಮನ್ನು ಕೇಳಿಸಿಕೊಳ್ಳುತ್ತಿರುತ್ತಾರೆ.